ಮಧ್ಯಾಹ್ನದವರೆಗಿನ ಕೆಲಸ

ಏಕೀಕರಣವಾದ ಮೇಲೆ ಬಂದ ಮೊದಲ ಹತ್ತಿ ಸುಗ್ಗಿ. ಗದುಗಿನ ಗಿರಣಿಯೊಂದರ ಬಾಗಿಲು ತೆರೆಯುವುದನ್ನೇ ಕಾಯುತ್ತ ಶೇಖವ್ವ ಹೆಂಗಸರ ಸಾಲಿನಲ್ಲಿ ನಿಂತಿದ್ದಳು. ಅವಳ ಹಿಂದೆಯೇ ಹುಲಗಪ್ಪ ತನ್ನ ಹೆಂಡತಿ ಸಾವಂತ್ರೆವ್ವನನ್ನು ಕರೆತಂದು ನಿಲ್ಲಿಸಿದ. ಅವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಮಧ್ಯಾಹ್ನ ಗಿರಣಿ ಭೋಂಗಾ ಕೂಗಿದ ಕೂಡಲೇ ಹೊರಗ ಬಾ. ಸದ್ಯ ಅರ್ಧ ದಿನ ಸಾಕು ಅಂತ ಧಾರವಾಡದ ಡಾಕ್ಟರು ಹೇಳ್ಯಾರ."

"ಮಷೀನಿನ ಮುಂದ ನಿಲ್ಲಲೇನ್ರಿ, ಮೊದಲಿನಂಗ?"

"ಬ್ಯಾಡ. ಗಿರಣಿ ಅಂಗಳದಾಗ ಕುಂತು ಹತ್ತ್ಯಾಗಿನ ಕಸಾ ಆರಸು. ಕೆಲಸಕ್ಕ ಹಚ್ಚೋ ಮುಕಾದಮರು ಅಷ್ಟಕ್ಕ ಒಪ್ಯಾರ."

"ಆತು. ಕೆಲಸಾ ನೆಟ್ಟಗ ಮಾಡಿದರ ಬೆಳ್ಳಟ್ಟಿಯಿಂದ ಕೂಸಿನ್ನ ಕರಕೊಂಡು ಬರತೀರಲ್ಲ?"

ಹುಲಗಪ್ಪ ಕೈಯಲ್ಲಿದ್ದ ಬುತ್ತಿಯ ಗಂಟನ್ನು ಬಿಗಿ ಮಾಡಿದ.

"ನಮ್ಮಕ್ಕ ಕೊಡೂದಿಲ್ಲ ಅಂದಾಳ."

"ಈಗ ನನಗ ಆರಾಮ ಐತೆಲ್ರಿ."

"ನೀ ಬಾವಿಗೆ ಹಾರಿದಾಗ ಕೂಸು ನಿನ್ನ ಬಗಲಾಗಿತ್ತು, ಸಾವಂತ್ರಿ. ಅದನ್ನ ಆಕಿ ಹ್ಯಾಂಗ ಮರೀಬೇಕು?"

"ನೀವು?"

ಅವನು ಗಿರಣಿಯ ಬಾಗಿಲಿನ ಕಡೆ ನೋಡಿದ.

"ಮತ್ತ ಈ ಕೆಲಸಕ್ಕ ಯಾಕ ಹಚ್ಚಿದ್ರಿ ನನ್ನ?"

"ಮನ್ಯಾಗ ನಿನ್ನ ಒಬ್ಬಾಕಿನ್ನ ಬಿಟ್ಟು ಹೋಗಾಕ ನನಗ ಹೆದರಿಕಿ ಆಗತೈತಿ."

ಭೋಂಗಾ ಕೂಗಿತು, ಬಾಗಿಲು ತೆರೆಯಿತು. ಶೇಖವ್ವ ಪಕ್ಕಕ್ಕೆ ಸರಿದು ಸಾವಂತ್ರೆವ್ವನನ್ನು ಮುಂದೆ ಬಿಟ್ಟಳು. ಕನಿಕರದಿಂದ ಸರಿದಳೋ ಹೆದರಿ ಸರಿದಳೋ, ಅವಳಿಗೇ ತಿಳಿಯಲಿಲ್ಲ. ಸಾವಂತ್ರೆವ್ವ ಗಂಡನ ಕೈಯಿಂದ ಬುತ್ತಿ ತೆಗೆದುಕೊಂಡು, ತಿರುಗಿ ನೋಡದೆ ಒಳಗೆ ನಡೆದಳು.