ಮೂರನೆಯ ಕಪ್ಪಿನ ಮೊದಲ ವಾರ

ನಿಡಗುಂದಿ ಬಸ್‌ಸ್ಟ್ಯಾಂಡಿನಲ್ಲಿ ರೊಟ್ಟಿಯ ಗಂಟು ಬಿಗಿಯುತ್ತಿದ್ದ ರೇಣುಕಾಳ ಕಿವಿ ಪಕ್ಕದ ಬೆಂಚಿನತ್ತ ಹೊರಳಿತು. ಫುಟ್‌ಬಾಲ್ ಜರ್ಸಿಯ ಹುಡುಗಿಯೊಬ್ಬಳು ಬೆಳ್ಳಿಬಣ್ಣದ ಕಪ್ಪನ್ನು ಅಜ್ಜಿಯ ಮಡಿಲಿಗೆ ತಳ್ಳಿ ಮುಖ ಊದಿಸಿಕೊಂಡಿದ್ದಳು.

“ಒಂದ ವರ್ಷದಾಗ ಮೂರು ಕಪ್ಪು ಗೆದ್ದೀರಿ. ನಗಾಕ ಏನ ಧಾಡಿ?”

“ಅವರು ಗೆದ್ದಾರ, ಆಯಿ. ನಾ ದಿನಾ ಪ್ರಾಕ್ಟೀಸ್‌ದಾಗ ಅಷ್ಟ. ಮೂರೂ ಫೈನಲ್‌ದಾಗ ಹೊರಗ ಕುಂತಿದ್ನಿ.”

“ಮತ್ತ ನಿನ್ನ ಕೈಯಾಗ್ಯಾಕ ಕೊಟ್ರು?”

“ಒಬ್ಬೊಬ್ಬರ ಮನ್ಯಾಗ ಒಂದೊಂದ ವಾರ ಇಡ್ತೇವಿ. ಮೊದಲ್ನೇ ವಾರ ನಿಂದ ಅಂದ್ರು. ನಂಗ ಬ್ಯಾಡ, ನಾಳೇನ ತಿರುಗಿ ಕೊಡ್ತೇನಿ.”

“ಹೆಂಗ ಕೊಡ್ತಿ? ಇವತ್ತ ಇದರಾಗ ಮೊಸರಿಗೆ ಹೆಪ್ಪ ಹಾಕ್ತೇನಿ.”

“ಕಪ್ಪಿನ್ಯಾಗ ಮೊಸರಾ!” ಹುಡುಗಿ ಕಿಸಕ್ಕನೆ ನಕ್ಕಳು.

“ಗಡಿಗಿ ಹಾಲಿಗೆ ಹೆಪ್ಪ ಎಷ್ಟ ಹಾಕ್ತಾರ?”

“ಒಂದ ಚಮಚಾ.”

“ಅದಿಲ್ದ ಮೊಸರಾಗ್ತೈತೇನು, ಹುಚ್ಚಿ?”

ಮಸೂತಿ ಊರಿಗೆ ಹೋಗುವ ಬಸ್ಸು ಬಂತು. ಹುಡುಗಿ ಕಪ್ಪನ್ನು ತಾನೇ ಎತ್ತಿಕೊಂಡಳು.

“ಯಾರು ಗೆದ್ದದ್ದವ್ವಾ?” ಕಂಡಕ್ಟರ್ ಕೇಳಿದ.

“ನಾವ್ರಿ. ಈ ವರ್ಷ ಮೂರೂ ನಾವ.”