ಜೇಬಿನಲ್ಲಿದ್ದ ಬಸವನಹುಳು

ವೇದಿಕೆಯ ಮೇಲಿರುವ ನಿರ್ದೇಶಕರೇ, ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆ, ಅವರ ಮಗಳೇ, ನನ್ನ ಸಹೋದ್ಯೋಗಿಗಳೇ — ಎಲ್ಲರಿಗೂ ನಮಸ್ಕಾರ. ಇಂಥ ಸಭೆಯಲ್ಲಿ ಮಾತಾಡಿ ನನಗೆ ಅಭ್ಯಾಸವಿಲ್ಲ. ಮೈಕು ಸ್ವಲ್ಪ ಕೆಳಗಿಳಿಸಿ — ಹಾಂ, ಸಾಕು.

ಅಗಲಿದ ಹಿರಿಯರನ್ನು ಸಂಸ್ಥೆಯಲ್ಲಿ ನಾವೆಲ್ಲ ಚಿಪ್ಪಣ್ಣ ಅಂತಲೇ ಕರೆಯುತ್ತಿದ್ದೆವು, ಅದೂ ಎದುರಿಗೇ. ದೂರದ ದ್ವೀಪಗಳಿಂದ ಬಂದ ಬಸವನಹುಳುಗಳನ್ನು ಜಾತಿ ಜಾತಿಯಾಗಿ ವಿಂಗಡಿಸುವುದೇ ಅವರ ಬದುಕಾಗಿತ್ತು. ಎರಡು ಹುಳುಗಳ ಚಿಪ್ಪು ನೋಡಿದರೆ ಒಂದೇ ಥರ. ಒಳಗೆ ನೋಡಿದರೆ ಬೇರೆ ಬೇರೆ ಜಾತಿ. ಹಾಗಾಗಿ ಕೊಯ್ಯಲೇಬೇಕು. ಕೊಯ್ಯುವ ಮೊದಲು — ಇದನ್ನು ಇಲ್ಲಿ ಹೇಳಬಹುದೋ ಇಲ್ಲವೋ, ಹೇಳಿಬಿಡುತ್ತೇನೆ — ಸೀಸೆಯ ತುಂಬ ಕುದಿಸಿ ಆರಿಸಿದ ನೀರು, ಅದರೊಳಗೆ ಹುಳು, ಒಂದು ಗುಳ್ಳೆ ಗಾಳಿಯೂ ಉಳಿಯದ ಹಾಗೆ ಮುಚ್ಚಳ. ಬೆಳಗಾಗುವಷ್ಟರಲ್ಲಿ ಹುಳು ಮೈಯೆಲ್ಲ ಹೊರಚಾಚಿ ಸತ್ತಿರುತ್ತದೆ. ಚಾಚಿದ್ದರೆ ಕತ್ತರಿಗೆ ಸಲೀಸು.

ಕೊನೆಯ ಪೊಟ್ಟಣದಲ್ಲಿ ಬಂದದ್ದು ಒಂದೇ ಒಂದು. ಕಪ್ಪು ಚಿಪ್ಪು, ನೆಲ್ಲಿಕಾಯಿಯಷ್ಟು ದಪ್ಪ. ಅದು ಸಿಕ್ಕಿದ ಕಾಡು ಆಮೇಲೆ ಸುಟ್ಟುಹೋಯಿತು. ಅಂಥದ್ದು ಇನ್ನೊಂದು ಸಿಗುವುದಿಲ್ಲ. ಅದನ್ನೂ ಸೀಸೆಗೆ ಹಾಕಿದರು. ಬೆಳಿಗ್ಗೆ ನೋಡಿದರೆ ಜೀವಂತ! ಮತ್ತೆ ಹಾಕಿದರು. ಮತ್ತೆ ಜೀವಂತ — ಕೊಂಬಿನ ತುದಿಯ ಕಣ್ಣುಗಳೆರಡೂ ಗಾಜಿಗೆ ಒತ್ತಿಕೊಂಡು, ಇವರ ಕುರ್ಚಿಯ ಕಡೆಗೇ.

"ಇದು ನನ್ನನ್ನೇ ನೋಡ್ತಾ ಇದೆ ಕಣಯ್ಯಾ" ಅಂದರು.

"ಅದಕ್ಕೆ ಬೆಳಕು ಕತ್ತಲೆ ಬಿಟ್ಟು ಏನೂ ಕಾಣಲ್ಲ ಅಂತ ನೀವೇ ಪಾಠ ಹೇಳಿದ್ರಲ್ಲ ಅಣ್ಣಾ!" ಅಂತ ನಾನು ರೇಗಿಸಿದೆ.

ಅವರು ಕುರ್ಚಿಯನ್ನು ಬೀರುವಿನ ಹಿಂದಿನ ಕತ್ತಲ ಮೂಲೆಗೆ ಎಳೆದುಕೊಂಡು ಕೂತರು. ಆ ಕಣ್ಣುಗಳು — ಹೀಗೆ, ನನ್ನ ಬೆರಳು ನೋಡಿ, ಇಷ್ಟು ನಿಧಾನಕ್ಕೆ — ಆ ಮೂಲೆಗೆ ತಿರುಗಿದವು. ಚಿಪ್ಪಣ್ಣ ಎದ್ದು ಬಂದು ಮುಚ್ಚಳ ತೆಗೆದರು. ಆಮೇಲೆ ಅವರು ಯಾವ ಸೀಸೆಯನ್ನೂ ಮುಚ್ಚಲಿಲ್ಲ. ಹುಳುವನ್ನು ತಮ್ಮ ಊಟದ ಡಬ್ಬಿಯಲ್ಲೇ ಸಾಕಿದರು. ಅತ್ತಿಗೆ ಗೊಣಗಿಕೊಂಡು ಅವರಿಗೆ ಬೇರೆ ಡಬ್ಬಿ ಕೊಂಡರು.

ಅವರು ಹೋದದ್ದು ಅದೇ ಕುರ್ಚಿಯಲ್ಲಿ, ಮಟಮಟ ಮಧ್ಯಾಹ್ನ. ನಾನು ಒಳಗೆ ಹೋದಾಗ ಡಬ್ಬಿ ತೆರೆದಿತ್ತು, ಖಾಲಿ. ಮೇಜಿನಿಂದ ಅಂಗೈಗೆ, ಅಂಗೈಯಿಂದ ಕುತ್ತಿಗೆಗೆ, ಮುಚ್ಚಿದ ರೆಪ್ಪೆಗಳ ಮೇಲೆ — ಬೆಳ್ಳಗೆ ಹೊಳೆಯುವ ಗೆರೆ. ನನ್ನ ಕರವಸ್ತ್ರದಿಂದ ನಾನೇ ಒರೆಸಿದೆ. ಹುಳು ಮಾತ್ರ ಎಲ್ಲೂ ಇರಲಿಲ್ಲ.

ಕೆಲವು ದಿನಗಳಾದ ಮೇಲೆ ಅತ್ತಿಗೆಯ ಫೋನು. "ಒಂದ್ಸಲ ಬನ್ನಿ. ಅವತ್ತು ಆಸ್ಪತ್ರೆಯವರು ಇವರ ಮೈಮೇಲಿಂದ ತೆಗೆದು ಕೊಟ್ಟ ಬಟ್ಟೆ ಗಂಟು ಈಗ ಬಿಚ್ಚಿದೆ. ಇವರ ಅಂಗಿ ಜೇಬು... ಅಲ್ಲಾಡ್ತಾ ಇದೆ."

ಈಗ ಕೆಲಸದ ಮಾತು. ಈ ಜಾತಿಗೆ ಚಿಪ್ಪಣ್ಣನವರ ಹೆಸರಿಡಬೇಕು ಅಂತ ಸಂಸ್ಥೆ ತೀರ್ಮಾನಿಸಿದೆ. ಇವತ್ತು ಓದಿ ಹೇಳಲು ಆ ಹೆಸರು ಬರೆದ ಕಾಗದವನ್ನೂ ನನಗೆ ಕೊಟ್ಟಿದ್ದಾರೆ. ದೊಡ್ಡ ಗೌರವ, ಇಲ್ಲ ಅನ್ನುವುದಿಲ್ಲ. ಆದರೆ ಹೆಸರಿಡಬೇಕಾದರೆ ಒಳಗೆ ನೋಡಬೇಕು. ನೋಡಬೇಕಾದರೆ ಕೊಯ್ಯಬೇಕು. ಆ ಸೀಸೆಗೆ ನೀರು ತುಂಬಬೇಕಾದವನು ನಾನು.

ಮನೆಗೆ ಹೋಗಿ ಇದನ್ನು ಹೇಳಿದಾಗ ಅಣ್ಣನ ಮಗಳು ಕೇಳಿದಳು, "ಚಿಕ್ಕಪ್ಪಾ, ಅಪ್ಪನ ಹೆಸರು ಉಳಿಯೋದು ಬೇಡ್ವಾ?" ಬೇಕು ಕಂದಾ, ಯಾರಿಗೆ ಬೇಡ! ಆಗ ಅತ್ತಿಗೆ ಅಂದರು, "ಉಸಿರು ನಿಂತ ಮೇಲೂ ಇವರನ್ನ ಬಿಟ್ಟುಹೋಗದೆ ಇದ್ದದ್ದು ಅದೊಂದೇ. ಅದನ್ನ ಕೊಲ್ಬೇಡಿ."

ನಿರ್ದೇಶಕರೇ, ಕ್ಷಮಿಸಿ. ನನ್ನ ಕೈಲಿ ಆಗುವುದಿಲ್ಲ. ಹೆದರಿಕೆಯೂ ಇದೆ, ಅಣ್ಣನ ಮೇಲೆ ಪ್ರೀತಿಯೂ ಇದೆ. ಯಾವುದು ಹೆಚ್ಚು ಅಂತ ಕೇಳಬೇಡಿ.

ಡಬ್ಬಿ ಅತ್ತಿಗೆಯ ಮಡಿಲಲ್ಲಿದೆ. ಹಿಂದಿನವರು ಇಣುಕಬೇಡಿ, ಆಮೇಲೆ ನೋಡಬಹುದು. ಈ ಹುಳುವಿಗೆ ಒದ್ದೆ ಕಾಗದ ಅಂದರೆ ಪ್ರಾಣ. ನಾನು ಓದಬೇಕಿದ್ದ ಕಾಗದವನ್ನು ನೆನೆಸಿ, ಬೆಳಿಗ್ಗೆಯೇ ಅದರ ಮುಂದೆ ಇಟ್ಟಿದ್ದೇನೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಆ ಫ್ಯಾನು ಆರಿಸಿ. ಒಂದು ನಿಮಿಷ ಯಾರೂ ಮಾತಾಡುವುದು ಬೇಡ, ಕೆಮ್ಮುವುದೂ ಬೇಡ. ಕರ — ಕರ — ಅಂತ ಸಣ್ಣ ಸದ್ದು ಕೇಳಿಸಿದರೆ ಹೆದರಬೇಡಿ. ಅದು ಅವರ ಹೆಸರನ್ನು ತಿನ್ನುತ್ತಿದೆ.