ಬುಧವಾರದ ಕತ್ತಿ

ನೋಡಿ, ಸಿದ್ಧತೆ ಮಾಡುವುದರಲ್ಲಿ ನಾವೆಲ್ಲ ಬಲು ಗಟ್ಟಿಗರು. ಹೂವು ಬಿಡಿಸುತ್ತೇವೆ, ಬುಟ್ಟಿ ತೊಳೆಯುತ್ತೇವೆ, ಬತ್ತಿ ಹೊಸೆಯುತ್ತೇವೆ, ಗಂಧ ತೇಯುತ್ತೇವೆ. ಅಷ್ಟು ಹೊತ್ತಿಗೆ ದಣಿದು ಹೋಗಿ ದೇವರ ಮುಂದೆ ಕೂತು ಆಕಳಿಸುತ್ತೇವೆ. ನಗಬೇಡಿ, ನಾನೂ ಆಕಳಿಸಿದ್ದೇನೆ. ಸಿದ್ಧತೆ ಒಳ್ಳೆಯದೇ. ಆದರೆ ಒಮ್ಮೊಮ್ಮೆ ಮನುಷ್ಯ ಸಿದ್ಧತೆಯ ಮರೆಯಲ್ಲಿ ಬಚ್ಚಿಟ್ಟುಕೊಳ್ಳುತ್ತಾನೆ. ಅದು ಹೇಗೆ ಅಂತೀರಾ? ಕೇಳಿ.

ಹೊಳೆಯ ಈಚೆ ದಂಡೆಗೆ ಒಂದು ಊರು. ಆ ಊರಿಗೊಬ್ಬ ಸಾಹುಕಾರ. ಎಣ್ಣೆ ಗಾಣ, ಗೋದಾಮು, ಎರಡಂತಸ್ತಿನ ಮನೆ, ಅದನ್ನೆಲ್ಲ ನಾನು ವಿವರಿಸುವುದಿಲ್ಲ. ಸಾಹುಕಾರ ಎಂದ ಮೇಲೆ ಇರುತ್ತವೆ. ಸುತ್ತ ಹತ್ತು ಹಳ್ಳಿಯಲ್ಲಿ ಯಾರ ಬಳಿಯೂ ಇಲ್ಲದ ಒಂದು ವಸ್ತು ಅವನ ಬಳಿ ಇತ್ತು. ಏನದು? ಏಳು ಕ್ಷೌರದ ಕತ್ತಿ! ಮಖಮಲ್ಲಿನ ಪೆಟ್ಟಿಗೆಯಲ್ಲಿ ಏಳು ಗೂಡು, ಗೂಡಿಗೊಂದು ಕತ್ತಿ, ಕತ್ತಿಯ ಬೆನ್ನ ಮೇಲೆ ಒಂದೊಂದು ವಾರದ ಹೆಸರು. ಸೋಮವಾರದ್ದು ಸೋಮವಾರಕ್ಕೇ, ಮಂಗಳವಾರದ್ದು ಮಂಗಳವಾರಕ್ಕೇ. ಒಮ್ಮೆ ಗಡ್ಡ ಬೋಳಿಸಿದ ಅಲಗು ದಣಿದಿರುತ್ತದೆ, ಒರೆಸಿ, ಎಣ್ಣೆ ಸವರಿ, ಮುಂದಿನ ವಾರದವರೆಗೆ ಮಲಗಲು ಬಿಡಬೇಕು ಎಂದು ಅವನಿಗೆ ಪಟ್ಟಣದ ಅಂಗಡಿಯವನು ಹೇಳಿಕೊಟ್ಟಿದ್ದ. ಅವನು ಅದನ್ನು ಗುರುವಾಕ್ಯದಂತೆ ನಡೆಸಿದ.

ಕತ್ತಿ ಮಾತ್ರವಲ್ಲ. ನಾಲ್ಕು ಬ್ರಷ್ಷು, ಐದು ಸಾಬೂನು. ಗಂಧದ ಸಾಬೂನಿಗೆ ಮೆತ್ತನೆಯ ಬ್ರಷ್ಷು, ನಿಂಬೆಯದಕ್ಕೆ ಗಡುಸು. ನೆನೆದ ಬ್ರಷ್ಷು ಎರಡು ದಿನ ಆರಬೇಕು. ಏಳು ದಿನ, ನಾಲ್ಕು ಬ್ರಷ್ಷು, ಐದು ಸಾಬೂನು, ಇವು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಹೊಂದಿಸುವುದೆಂದರೆ ಸಣ್ಣ ಕೆಲಸವೇ? ಪ್ರತಿ ಭಾನುವಾರ ಊಟವಾದ ಮೇಲೆ ಅವನು ಕನ್ನಡಿಯ ಪಕ್ಕದ ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ಕೂರುತ್ತಿದ್ದ. ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ಹೆಂಡತಿ ತಾಂಬೂಲದ ತಟ್ಟೆ ತಂದಿಟ್ಟು ಅನ್ನುತ್ತಿದ್ದಳು:

“ನನ್ನ ಮಾರಿ ವಾರಕ್ಕೊಮ್ಮೆನೂ ನೆಟ್ಟಗ ನೋಡೂದಿಲ್ಲ. ಆ ಬ್ರಷ್ಷಿನ ಮಾರಿ ಮಾತ್ರ ದಿನಾ ತಿರುಗಿಸಿ ತಿರುಗಿಸಿ ನೋಡ್ತೀರಿ.”

“ಅದು ಎದುರು ಮಾತಾಡೂದಿಲ್ಲಲ್ಲ,” ಎಂದು ಅವನು ನಗುತ್ತಿದ್ದ.

ಹಾಸ್ಯ ಬೇರೆ. ಆದರೆ ಅವನು ಕೆಟ್ಟವನಲ್ಲ, ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬೆಳಿಗ್ಗೆ ಬಿಸಿನೀರಿನ ಹಬೆಯಲ್ಲಿ, ಕೆನ್ನೆಯ ಮೇಲೆ ಕತ್ತಿ ಸರ್‌ ಸರ್‌ ಎಂದು ಇಳಿಯುವಾಗ ಅವನ ಮನಸ್ಸಿನಲ್ಲಿ ಯಾವ ಚಿಂತೆಯೂ ಇರುತ್ತಿರಲಿಲ್ಲ. ಇಡೀ ದಿನದಲ್ಲಿ ಅಷ್ಟೇ ಹೊತ್ತು. ಯಾಕೆಂದರೆ ಅವನೊಳಗೆ ಒಂದು ಮುಳ್ಳಿತ್ತು.

ಆ ಮುಳ್ಳು ಅವನ ಅಣ್ಣ. ಒಡಹುಟ್ಟಿದ ಅಣ್ಣ. ನಡುವೆ ಒಂದೇ ಓಣಿ. ಒಂಬತ್ತು ವರ್ಷದಿಂದ ಮಾತಿಲ್ಲ. ಕಾರಣ? ಸಾಹುಕಾರನ ಮಗಳ ಮದುವೆಯಲ್ಲಿ ಬೀಗರನ್ನು ಮೊದಲ ಪಂಕ್ತಿಗೆ ಕೂರಿಸುವ ಗಡಿಬಿಡಿಯಲ್ಲಿ ಅಣ್ಣನ ಮುಂದೆ ಹಾಕಿದ್ದ ಎಲೆಯನ್ನು ಇವನು ಎತ್ತಿಸಿಬಿಟ್ಟಿದ್ದ. ಹಾಕಿದ ಎಲೆ! ಅಣ್ಣ ಒಂದು ಮಾತೂ ಆಡಲಿಲ್ಲ, ಎದ್ದು ಹೋದ. ಮನೆಗೆ ಹೋಗಿ ಶಪಥ ಮಾಡಿದ: ತಮ್ಮ ತಾನಾಗಿ ಬಂದು ನನ್ನೆದುರು ಕೂರುವ ತನಕ ನನ್ನ ಗಡ್ಡಕ್ಕೆ ಕತ್ತಿ ಮುಟ್ಟಿಸುವುದಿಲ್ಲ.

ಗಡ್ಡ ಬೆಳೆಯಿತು. ಎದೆಗೆ ಬಂತು, ಬೆಳ್ಳಗಾಯಿತು. ಅಣ್ಣ ಓಣಿಯಲ್ಲಿ ನಡೆದರೆ ತಮ್ಮನ ತಪ್ಪೇ ಗಾಳಿಗೆ ಅಲ್ಲಾಡುತ್ತ ಹೋದಂತೆ. ಹೋಗಬೇಕು ಎಂದು ಸಾಹುಕಾರನಿಗೆ ಅನ್ನಿಸಿರಲಿಲ್ಲವೇ? ಅನ್ನಿಸಿತ್ತು. ಯುಗಾದಿಗೆ ಹೋಗೋಣ ಎಂದುಕೊಂಡ, ಆಗಲಿಲ್ಲ. ದಸರೆಗೆ ಬನ್ನಿ ಹಿಡಿದು ಹೋಗೋಣ ಎಂದುಕೊಂಡ, ಬನ್ನಿ ಜೇಬಿನಲ್ಲೇ ಒಣಗಿತು.

ಒಂದು ಬುಧವಾರ. ಸಾಹುಕಾರನ ಕ್ಷೌರ ಆಗಷ್ಟೇ ಮುಗಿದಿತ್ತು. ಬುಧವಾರದ ಕತ್ತಿಯನ್ನು ಒರೆಸಿ, ಎಣ್ಣೆ ಸವರಿ, ಗೂಡಿನಲ್ಲಿ ಮಲಗಿಸಿದ್ದ. ಊರ ಕ್ಷೌರಿಕ ಓಡಿ ಬಂದ. ಬೆವರು ಕಣ್ಣಿಗಿಳಿಯುತ್ತಿತ್ತು.

“ಸಾವ್ಕಾರ್ರ, ನಿಮ್ಮ ಅಣ್ಣಾರ ಕುತ್ತಿಗಿಗೆ ಬಾವು ಎದ್ದೈತಿ. ಮೊನ್ನೆ ಲಿಂಬಿಕಾಯಿಯಷ್ಟಿತ್ತಂತ, ಈಗ ತೆಂಗಿನಕಾಯಿ ಆಗೈತಿ. ಉಸರು ಸಿಳ್ಳು ಹೊಡದಂಗ ಬರಾಕತ್ತೈತಿ.”

“ಔಷಧದ ಪಂಡಿತ ಏನಂದ?” ಒಂಬತ್ತು ವರ್ಷದಲ್ಲಿ ಅಣ್ಣನ ಬಗ್ಗೆ ಅವನು ಕೇಳಿದ ಮೊದಲ ಮಾತು ಅದು.

“ಕೊಯ್ದು ಕೀವು ತಗೀಬೇಕಂತ. ಕೂದಲದಾಗ ಕೊಯ್ದ್ರ ನಂಜೇರತೈತಿ, ಮೊದಲ ಗಡ್ಡ ತಗೀಬೇಕಂತ. ಹೊತ್ತು ನೆತ್ತಿಗೆ ಬರೂದರಾಗ ಆಗಬೇಕು ಅಂದ್ರು.”

“ಮತ್ತ ಇಲ್ಲಿಗ್ಯಾಕ ಓಡಿ ಬಂದಿ? ತಗದು ಹಾಕು, ಹೋಗು.”

“ಮೂರು ಸಲ ಕತ್ತಿ ಹಿಡಕೊಂಡು ಹ್ವಾದೆ. ಮೂರು ಸಲನೂ ಕೈ ಹಿಡದು ತಳ್ಳಿದ್ರು. ಜೋರು ಮಾಡೂಣಂದ್ರ ಅದು ಕುತ್ತಿಗಿ, ಇದು ಕತ್ತಿ. ಬಾಯಿಂದ ಮಾತು ಹೊಂಡವಲ್ದು, ಬೆರಳು ಮಾಡಿ ನಿಮ್ಮನಿ ಕಡೆ ತೋರಸ್ತಾರ. ನೀವು ಬಂದು ಎದುರಿಗೆ ಕುಂತ್ರ ಸಾಕ್ರಿ ನಮ್ಮಪ್ಪ! ಕತ್ತಿ ನನ್ನ ಹಂತ್ಯಾಕ ಐತಿ.”

ಗಮನಿಸಿ. ಎದುರಿಗೆ ಕುಂತರೆ ಸಾಕು. ಅಷ್ಟೇ ಬೇಕಾಗಿದ್ದದ್ದು. ಸಾಹುಕಾರನ ಕಾಲು ಎದ್ದವು. ಎದ್ದ ಕಾಲು ಹೊಸ್ತಿಲಿನಲ್ಲಿ ನಿಂತವು. ಓಣಿಯ ಜನ ನೋಡುತ್ತಾರೆ. ಅಣ್ಣನ ಮುಂದೆ ಹೋಗಿ ಮುಖ ಹೇಗಿಡುವುದು? ಮೊದಲ ಮಾತು ಏನಾಡುವುದು? ಆಗ ಅವನ ಬಾಯಿಂದ ಬಂದ ಮಾತು ಕೇಳಿ:

“ನಿನ್ನ ಕತ್ತೀನ? ಊರ ಮಂದಿ ಗಡ್ಡ ಕೆರದ ಕತ್ತಿ, ಅಂಥಾ ಬಾವಿನ ಮ್ಯಾಲ? ಬ್ಯಾಡ. ನೀ ನಡಿ, ನಾ ನನ್ನ ಕತ್ತಿ ತರ್ತೀನಿ.”

ಎಂಥ ಕಾಳಜಿ! ಯಾರಾದರೂ ತಪ್ಪು ಎನ್ನಲು ಸಾಧ್ಯವೇ?

ಒಳಗೆ ಬಂದು ಪೆಟ್ಟಿಗೆ ತೆರೆದ. ಬುಧವಾರದ ಕತ್ತಿ ಬೆಳಿಗ್ಗೆ ದಣಿದಿದೆ, ಸೂಕ್ಷ್ಮ ಕೆಲಸಕ್ಕೆ ಆಗದು. ಗುರುವಾರದ್ದು ತೆಗೆದರೆ ನಾಳೆಗೇನು? ಶುಕ್ರವಾರದ್ದು. ಆಗ ಶುಕ್ರವಾರಕ್ಕೆ? ಒಂಬತ್ತು ವರ್ಷದ ಗಡ್ಡ, ಒರಟು. ಶನಿವಾರದ ಕತ್ತಿಯ ಅಲಗು ಅಗಲ, ಅದೇ ಸರಿ. ಆದರೆ ಅದನ್ನು ತೊಗಲಿನ ಮೇಲೆ ಇನ್ನೂ ನಾಲ್ಕು ಸಲ ಮಸೆಯಬೇಕು. ಮಸೆದ. ಬಾವಿನ ಮೇಲೆ ನಿಂಬೆಯ ಸಾಬೂನು ಉರಿಯುತ್ತದೆ, ಗಂಧದ್ದೇ ಆಗಬೇಕು. ಗಂಧದ್ದಕ್ಕೆ ಮೆತ್ತನೆಯ ಬ್ರಷ್ಷು. ಮೆತ್ತನೆಯ ಬ್ರಷ್ಷು ಇನ್ನೂ ಒದ್ದೆ, ಆರಿಲ್ಲ. ಅದನ್ನು ಒಯ್ದು ಕಿಟಕಿಯ ಬಿಸಿಲಿಗೆ ಇಟ್ಟ. ಇಟ್ಟು, ಅದು ಆರುವುದನ್ನು ನೋಡುತ್ತ ಕೂತ.

ಆ ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬಂತು. ನೆಲದ ಮೇಲೆ ಸರಿಯತೊಡಗಿತು.

“ರೀ,” ಎಂದಳು ಹೆಂಡತಿ ಬಾಗಿಲಲ್ಲಿ ನಿಂತು, “ಏನು ಮಾಡಾಕತ್ತೀರಿ?”

“ತಯಾರಿ.”

“ಅಲ್ಲಿ ಜೀವ ಹೋಗಾಕತ್ತೈತಿ!”

“ಅದಕ್ಕ ಮತ್ತ, ಸರಿಯಾಗಿ ಮಾಡಬೇಕು. ಅರ್ಧಂಬರ್ಧ ಒಯ್ದು ಹೆಚ್ಚುಕಡಿಮಿ ಆದ್ರ?” ಅವನು ಮತ್ತೆ ಶನಿವಾರದ ಕತ್ತಿ ಎತ್ತಿಕೊಂಡ. ಕೈ ಬೆವರಿತ್ತು. ಒರೆಸಿಕೊಂಡ. ಮಸೆದ. ಹೊರಗೆ ಓಣಿಯಲ್ಲಿ ಯಾರೋ ಓಡಿದ ಸದ್ದಾಯಿತು. ಅವನ ಕೈ ನಿಂತಿತು. ಅಳುವೇನಾದರೂ ಕೇಳುತ್ತದೆಯೇ ಎಂದು ಕಿವಿಗೊಟ್ಟ. ಇಲ್ಲ. ಮತ್ತೆ ಮಸೆದ. ನಿಮಗೆ ಗೊತ್ತಾಗುತ್ತಿದೆಯಲ್ಲ? ಅವನಿಗೂ ಗೊತ್ತಿತ್ತು. ಅಲಗು ಎಂದೋ ಹರಿತವಾಗಿದೆ ಎಂದು ಅವನ ಹೆಬ್ಬೆರಳಿಗೆ ಗೊತ್ತಿತ್ತು.

ಆಗ ಅಂಗಳದಲ್ಲಿ ನೆರಳು ಬಿತ್ತು. ಅತ್ತಿಗೆ. ಒಂಬತ್ತು ವರ್ಷ ಈ ಮನೆಯ ಕಡೆ ತಿರುಗಿ ನೋಡದವಳು ಬರಿಗಾಲಲ್ಲಿ ಬಂದು ನಿಂತಿದ್ದಾಳೆ.

“ಒಳಗ ಬಾರವ್ವಾ,” ಎಂದಳು ಹೆಂಡತಿ.

“ಒಳಗ ಬರಾಕ ಬಂದಿಲ್ಲ ನಾನು.” ಅವಳು ನೇರ ಸಾಹುಕಾರನ ಮುಖ ನೋಡಿದಳು. “ಯಪ್ಪಾ, ಒಂದ ಮಾತು ಕೇಳ್ತೀನಿ. ಎಲಿ ಎತ್ತಸಾಕ ನಿನಗ ಎಷ್ಟು ಹೊತ್ತು ಹಿಡೀತು?”

ಅವನು ಕೈಯಲ್ಲಿದ್ದ ಕತ್ತಿ ನೋಡಿದ.

“ಚಿಟಿಕಿ ಹೊಡಿಯೂದರಾಗ ಎತ್ತಿಸಿದಿ. ಅವತ್ತು ಏನೂ ತಯಾರಿ ಬೇಕಾಗಿರಲಿಲ್ಲ ನಿನಗ.”

ಇಷ್ಟೇ ಅಂದಳು, ತಿರುಗಿ ನಡೆದಳು. ಸಾಹುಕಾರನ ಕೈಯಿಂದ ಕತ್ತಿ ಜಾರಿ ನೆಲಕ್ಕೆ ಬಿತ್ತು. ಅವನು ಬಗ್ಗಿ ಎತ್ತಿಕೊಳ್ಳಲಿಲ್ಲ. ಚಪ್ಪಲಿ ಮೆಟ್ಟಲಿಲ್ಲ, ಹೆಗಲಿಗೆ ವಸ್ತ್ರ ಹಾಕಿಕೊಳ್ಳಲಿಲ್ಲ, ಓಡಿದ. ಓಣಿ ಎಷ್ಟು ಉದ್ದ? ಒಂದು ಕೂಗಿನಳತೆಯೂ ಇಲ್ಲ. ಒಂಬತ್ತು ವರ್ಷ ದಾಟಲಾಗದ ಓಣಿ ನೂರು ಹೆಜ್ಜೆಗೆ ಮುಗಿದುಹೋಯಿತು.

ಅಣ್ಣ ಗೋಡೆಗೆ ಒರಗಿ ಕೂತಿದ್ದ. ಕಣ್ಣು ಬಾಗಿಲ ಮೇಲೇ ಇತ್ತು. ತಮ್ಮ ಬಂದು ಎದುರು ಕುಸಿದ. ಬರಿಗೈ. ಅಣ್ಣ ಅವನನ್ನು ನೋಡಿದ, ತುಟಿ ಅಲ್ಲಾಡಿತು, ಸಿಳ್ಳಿನಂಥ ಉಸಿರು ಬಿಟ್ಟರೆ ಏನೂ ಬರಲಿಲ್ಲ. ಆಮೇಲೆ, ನೋಡಿ, ಅಣ್ಣ ಕ್ಷೌರಿಕನ ಕಡೆ ಕೈ ಚಾಚಿದ. ಅವನ ಕೈಯಲ್ಲಿದ್ದ ಹಳೆಯ ಕತ್ತಿಯನ್ನು ತೆಗೆದು ತಮ್ಮನ ಕೈಗೆ ಇಟ್ಟ. ಇಟ್ಟು ಗದ್ದ ಎತ್ತಿದ. ಮಾತು ಬಿಟ್ಟವನ ಕತ್ತಿಗೆ ಕುತ್ತಿಗೆ ಕೊಟ್ಟ.

ಸಾಹುಕಾರ ಕತ್ತಿ ಎತ್ತಿದ. ಅಲಗು ಕೂದಲಿನ ಹತ್ತಿರ ಹೋಗುತ್ತದೆ, ಹಿಂದೆ ಬರುತ್ತದೆ. ಪಂಡಿತ ಹಲ್ಲು ಕಚ್ಚಿಕೊಂಡು ಅಂಗಳದ ಬಿಸಿಲು ನೋಡಿದ. ಹೊತ್ತು ನೆತ್ತಿ ದಾಟಿತ್ತು.

ಕ್ಷೌರಿಕ ಕಿವಿಯ ಬಳಿ ಬಗ್ಗಿ ಮೆಲ್ಲಗೆ ಹೇಳಿದ: “ಅಲಗು ನೋಡಬ್ಯಾಡ್ರಿ. ಅಣ್ಣಾರ ಮಾರಿ ನೋಡ್ರಿ.”

ನೋಡಿದ. ಒಂಬತ್ತು ವರ್ಷದಲ್ಲಿ ಅಣ್ಣ ಎಷ್ಟು ಮುದುಕನಾಗಿದ್ದಾನೆ ಎಂದು ನೋಡಿದ. ಕೈ ನಿಂತಿತು. ಕತ್ತಿ ನಡೆಯಿತು. ಸಾಬೂನಿಲ್ಲ, ಬ್ರಷ್ಷಿಲ್ಲ, ಬರೀ ಬಿಸಿನೀರು. ಬಿಳಿಯ ಗಡ್ಡ ಕಂತೆಕಂತೆಯಾಗಿ ತಮ್ಮನ ತೊಡೆಯ ಮೇಲೆ ಬಿತ್ತು. ಒಂದು ಎಲೆಯಡಿಕೆ ಮೆಲ್ಲುವಷ್ಟು ಹೊತ್ತಿನ ಕೆಲಸ.

ಪಂಡಿತ ಬಾವು ಕೊಯ್ದ. ಅಣ್ಣ ಬದುಕಿದ. ಉಸ್ಸೆಂದು ಹಗುರಾಗಬೇಡಿ, ಕಥೆ ಮುಗಿದಿಲ್ಲ. ತಡವಾಗಿತ್ತು. ನಂಜು ಒಳಗಿಳಿದು ದನಿಯನ್ನು ತಿಂದುಹಾಕಿತ್ತು. ಮೂರು ವಾರದ ಮೇಲೆ ಗಾಯ ಮಾಯಿತು. ತಮ್ಮ ಹಾಸಿಗೆಯ ಪಕ್ಕ ಬಿಟ್ಟು ಕದಲಿರಲಿಲ್ಲ.

“ಅಣ್ಣಾ, ಬೈದುಬಿಡೋ,” ಎಂದ. “ಬಾಯಿಗೆ ಬಂದಂಗ ಬೈ. ಒಂಬತ್ತು ವರ್ಷದ್ದು ಒಟ್ಟಿಗೇ ಬೈ.”

ಅಣ್ಣ ಬಾಯಿ ತೆರೆದ. ತುಟಿ ಅಲ್ಲಾಡಿದವು, ಬಹಳ ಹೊತ್ತು ಅಲ್ಲಾಡಿದವು. ಏನೋ ಹೇಳಿದ. ಬೈದನೋ, ಹರಸಿದನೋ, ಊಟ ಮಾಡಿದೆಯಾ ಎಂದು ಕೇಳಿದನೋ. ತಮ್ಮನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಈಗ ಹೇಳಿ, ಆ ದನಿಯನ್ನು ತಿಂದದ್ದು ಯಾವುದು? ನಂಜೇ? ಪಂಡಿತನಿಗೆ ಕೇಳಿದರೆ ನಂಜು ಅನ್ನುತ್ತಾನೆ. ತಮ್ಮನಿಗೆ ಕೇಳಿ. ಬ್ರಷ್ಷು ಆರುವುದನ್ನು ನೋಡುತ್ತ ಕೂತೆನಲ್ಲ, ಆ ಹೊತ್ತು ಅನ್ನುತ್ತಾನೆ. ಏಳು ಕತ್ತಿ ಇಟ್ಟುಕೊಳ್ಳುವುದು ಪಾಪವಲ್ಲ. ವಾರವನ್ನು ಅಚ್ಚುಕಟ್ಟಾಗಿ ಹೊಂದಿಸುವುದೂ ಪಾಪವಲ್ಲ. ಭಗವಂತನೂ ಹಗಲು ರಾತ್ರಿ ಹೊಂದಿಸಿಯೇ ಇಟ್ಟಿದ್ದಾನೆ. ಆದರೆ ಹೆದರಿದ ಮನಸ್ಸು ಅಚ್ಚುಕಟ್ಟಿನ ಅಂಗಿ ತೊಟ್ಟುಕೊಂಡು ಬರುತ್ತದೆ, ಆಗ ಅದನ್ನು ಗುರುತಿಸುವುದು ಕಷ್ಟ. ‘ನಾನು ಹೋಗುವುದಿಲ್ಲ’ ಎಂದು ಅವನು ಒಮ್ಮೆಯೂ ಅನ್ನಲಿಲ್ಲ. ‘ಸರಿಯಾಗಿ ಹೋಗುತ್ತೇನೆ’ ಅಂದ. ನಾವೂ ಹಾಗೇ ಅಲ್ಲವೇ ಅನ್ನುವುದು? ಹಬ್ಬ ಬರಲಿ, ಹೋಗುತ್ತೇನೆ. ಮಗಳ ಪರೀಕ್ಷೆ ಮುಗಿಯಲಿ. ಅಮಾವಾಸ್ಯೆ ಕಳೆಯಲಿ. ಬರಿಗೈಲಿ ಹೋಗುವುದು ಹೇಗೆ, ಸಂತೆಯಿಂದ ಹಣ್ಣು ತಂದು ಹೋಗುತ್ತೇನೆ.

ತಾಯಂದಿರೇ, ಅಪ್ಪಗಳಿರಾ, ನಿಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ಓಣಿ ಇದೆ, ದಾಟಬೇಕಾದ್ದು. ನಾನು ಈ ಮಾತು ಹೇಳುವಾಗ ನಿಮ್ಮ ಕಣ್ಣ ಮುಂದೆ ಯಾರದೋ ಮುಖ ಬಂತಲ್ಲ? ಅದನ್ನು ಒರೆಸಬೇಡಿ, ನಿಮ್ಮ ಓಣಿಯಾಚೆ ಇರುವವರು ಅವರೇ. ಏನು ಮಾತಾಡಬೇಕು ಎಂದು ಯೋಚಿಸಬೇಡಿ, ಹೋಗಿ ಕೂತರೆ ಸಾಕು. ಅವರು ಬೈದರೆ ಕೇಳಿಸಿಕೊಳ್ಳಿ. ಕೇಳಿಸಿಕೊಳ್ಳಲು ಇನ್ನೂ ದನಿಯಿದೆ ಎಂದು ಕೈಮುಗಿಯಿರಿ.

ಮಂಗಳಾರತಿಗೆ ಇನ್ನೂ ಸ್ವಲ್ಪ ಹೊತ್ತಿದೆ, ಅದು ಮುಗಿಸಿಕೊಂಡು ಹೋಗೋಣ ಎಂದು ನಿಮ್ಮಲ್ಲಿ ಯಾರೋ ಒಬ್ಬರು ಈಗ ಮನಸ್ಸಿನಲ್ಲೇ ಅಂದುಕೊಂಡಿರಿ. ಅಂದುಕೊಂಡಿರಲ್ಲ? ಬೇಡ. ಹೊರಗೆ ಬೆಳಕಿದೆ, ಏಳಿ. ನಾನು ಬೇಸರ ಮಾಡಿಕೊಳ್ಳುವುದಿಲ್ಲ, ದೇವರಂತೂ ಮಾಡಿಕೊಳ್ಳುವುದೇ ಇಲ್ಲ. ಪಕ್ಕದವರು ದಾರಿ ಬಿಡಿ, ಹೋಗುವವರು ಹೋಗಲಿ.